ಸರಯೇವೊದ ಗಾಜಿ ಹುಸ್ರೆವ್ ಬೇಗ್ ಮಸೀದಿ: ಒಳಗೆ ಹೋಗಿ ನೋಡಿ ಬರಲು ಸಮಗ್ರ ಮಾರ್ಗದರ್ಶಿ

ಬೋಸ್ನಿಯಾ, ಅದರ ರಾಜಧಾನಿ ಸರಯೇವೊ ಸೇರಿದಂತೆ ಬಾಲ್ಕನ್ ದೇಶಗಳಿಗೆ ಹೋಗಿಬಂದ ಕನ್ನಡಿಗರಿಂದ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ: “ಸರಯೇವೊದ ದೊಡ್ಡ ಮಸೀದಿಗೆ ಹೋದೆವು, ಅಂಗಳ ನೋಡಿದೆವು, ಒಳಗೆ ಮಾತ್ರ ಬಿಡಲಿಲ್ಲ.” ಯಾವ ದಿನ, ಎಷ್ಟು ಗಂಟೆಗೆ ಹೋಗಿದ್ದಿರಿ ಎಂದು ವಿಚಾರಿಸಿದರೆ ಕಾರಣ ಅಲ್ಲೇ ಸಿಗುತ್ತದೆ. ಒಬ್ಬರು ಶುಕ್ರವಾರ ಮಧ್ಯಾಹ್ನ ಹೋಗಿರುತ್ತಾರೆ, ಇನ್ನೊಬ್ಬರು ರಂಜಾನ್ ತಿಂಗಳಲ್ಲಿ, ಮತ್ತೊಬ್ಬರು ಡಿಸೆಂಬರಿನಲ್ಲಿ ಊಟ ಮುಗಿಸಿಕೊಂಡು ಮೂರು ಗಂಟೆಯ ಮೇಲೆ.

ಮುಸ್ಲಿಮರಲ್ಲದವರಿಗೂ, ಹೆಂಗಸರಿಗೂ, ಮಕ್ಕಳಿಗೂ ಇಲ್ಲಿ ಪ್ರವೇಶವಿದೆ. ಆದರೆ ಒಟ್ಟೊಮನ್ ಆಡಳಿತಗಾರ ಗಾಜಿ ಹುಸ್ರೆವ್ ಬೇಗ್ ಕಟ್ಟಿಸಿದ, 1531ರಲ್ಲಿ ಮುಗಿದ ಈ ಕಟ್ಟಡ ಇಂದಿಗೂ ದಿನಕ್ಕೆ ಐದು ಹೊತ್ತು ನಮಾಜು ನಡೆಯುವ ಜಾಗ. ಪ್ರವಾಸಿಗರಿಗೆ ಸಿಗುವುದು ನಮಾಜುಗಳ ನಡುವಿನ ಬಿಡುವು ಮಾತ್ರ. ಆ ಬಿಡುವು ಯಾವಾಗ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಉಳಿದದ್ದನ್ನು ಅದರ ಸುತ್ತ ಹೊಂದಿಸಿಕೊಂಡರೆ ಕೆಲಸ ಸುಲಭ. ಹೆಚ್ಚಿನವರು ಹೋಟೆಲು, ಊಟ, ಫೋಟೊ ಎಲ್ಲವನ್ನೂ ನಿಗದಿ ಮಾಡಿ ಉಳಿದ ಅರ್ಧ ಗಂಟೆಯಲ್ಲಿ ಮಸೀದಿಯನ್ನು ತುರುಕುತ್ತಾರೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಪಾಲಿಸಿ.

ಜೊತೆಗೆ ಇರಬೇಕಾದವು

ತಲೆ ಮುಚ್ಚುವಷ್ಟು ಅಗಲದ ದುಪ್ಪಟ್ಟಾ ಅಥವಾ ಶಾಲು. ತೂತಿಲ್ಲದ, ಒಗೆದ ಕಾಲುಚೀಲ. ಸುಲಭವಾಗಿ ಕಳಚಿ ಹಾಕಬಹುದಾದ ಶೂ. ಆ ದಿನದ ನಮಾಜು ವೇಳೆಯ ಪಟ್ಟಿ, ಮೊಬೈಲಿನಲ್ಲಿ ಉಳಿಸಿಕೊಂಡದ್ದು. ಬೋಸ್ನಿಯಾದ ಚಿಲ್ಲರೆ ನಾಣ್ಯ. ಖಾಲಿ ನೀರಿನ ಬಾಟಲಿ.

ಅಲ್ಲಿನ ಹಣ ‘ಕನ್ವರ್ಟಿಬಲ್ ಮಾರ್ಕ್’. ಯೂರೊ ಜೊತೆಗಿನ ಅದರ ದರ ನಿಗದಿಯಾದದ್ದು: ಒಂದು ಯೂರೊಗೆ 1.95583 ಮಾರ್ಕ್, ಅಂದರೆ ಹೆಚ್ಚುಕಡಿಮೆ ಎರಡು. ಕ್ರೊಯೇಷಿಯಾ ಕಡೆಯಿಂದ ಬರುವವರು ಯೂರೊ ಮಾತ್ರ ಹಿಡಿದುಕೊಂಡು ಬಂದು ಟಿಕೆಟಿನ ಮುಂದೆ, ಶೌಚಾಲಯದ ಮುಂದೆ ಪೇಚಾಡುತ್ತಾರೆ. ಹಳೇ ಪೇಟೆಗೆ ಕಾಲಿಡುವ ಮೊದಲೇ ಒಂದಿಷ್ಟು ಮಾರ್ಕ್ ಮಾಡಿಸಿಕೊಳ್ಳಿ.

ಟ್ರೈಪಾಡ್, ಡ್ರೋನ್, ಸೂಟ್‌ಕೇಸ್ ಇವುಗಳನ್ನು ಹೋಟೆಲಿನಲ್ಲೇ ಬಿಡಿ.

ಹಂತ 1: ದಿನ ಆರಿಸುವುದು

ಶುಕ್ರವಾರವನ್ನು ಬಿಟ್ಟುಬಿಡಿ. ಬೇರೆ ದಿನವೇ ಇಲ್ಲ ಎನ್ನುವವರು ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ ಹನ್ನೊಂದರೊಳಗೆ ಹೊರಬನ್ನಿ. ಜುಮಾ ನಮಾಜಿಗೆ ಬರುವ ಜನ ಒಳಗೆ ಹಿಡಿಸದೆ ಅಂಗಳದಲ್ಲೂ ಸಾಲುಗಟ್ಟುತ್ತಾರೆ. ಆ ಹೊತ್ತಿಗೆ ಕ್ಯಾಮೆರಾ ಹಿಡಿದು ನಡುವೆ ನಿಂತವರಿಗೆ ಯಾರೂ ಬೈಯುವುದಿಲ್ಲ, ಆದರೆ ನಿಲ್ಲಲು ಜಾಗವೂ ಉಳಿದಿರುವುದಿಲ್ಲ.

ರಂಜಾನ್ ತಿಂಗಳಿಡೀ ಪ್ರವಾಸಿಗರ ಭೇಟಿ ಸಾಮಾನ್ಯವಾಗಿ ನಿಂತಿರುತ್ತದೆ. ಎರಡೂ ಈದ್‌ಗಳ ದಿನಗಳಲ್ಲೂ ಅಷ್ಟೇ. ಅಲ್ಲಿ ಅವನ್ನು ‘ಬೈರಾಮ್’ ಎನ್ನುತ್ತಾರೆ. ಚಾಂದ್ರಮಾನದ ಲೆಕ್ಕವಾದ್ದರಿಂದ ರಂಜಾನ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ‘ಹೋದ ವರ್ಷ ಇದೇ ವಾರ ಗೆಳೆಯರು ಹೋಗಿ ನೋಡಿಬಂದಿದ್ದರು’ ಎಂಬ ಭರವಸೆ ಇಲ್ಲಿ ನಡೆಯದು. ವಿಮಾನದ ಟಿಕೆಟ್ ಕಾದಿರಿಸುವ ಮುಂಚೆಯೇ ಆ ವರ್ಷದ ರಂಜಾನ್ ಯಾವಾಗ ಎಂದು ಕ್ಯಾಲೆಂಡರ್ ನೋಡಿ.

ಮಸೀದಿಯ ಒಳಗನ್ನು ನೋಡುವುದೇ ಮುಖ್ಯ ಉದ್ದೇಶವಲ್ಲದಿದ್ದರೆ ರಂಜಾನ್ ತಿಂಗಳು ಕೆಟ್ಟ ಆಯ್ಕೆಯೇನಲ್ಲ. ಸಂಜೆ ಊರಿನ ಮೇಲಿರುವ ‘ಝುತಾ ತಾಬಿಯಾ’ ಎಂಬ ಹಳದಿ ಕೋಟೆಯ ಮೇಲೆ ಜನ ಬುತ್ತಿ ಕಟ್ಟಿಕೊಂಡು ಸೇರುತ್ತಾರೆ. ಸೂರ್ಯ ಮುಳುಗಿದೊಡನೆ ಅಲ್ಲಿ ಹಾರುವ ಗುಂಡಿನ ಸದ್ದಿಗೆ ಉಪವಾಸ ಮುಗಿಯುತ್ತದೆ, ಮಿನಾರುಗಳ ಸುತ್ತಿನ ದೀಪಗಳು ಹೊತ್ತಿಕೊಳ್ಳುತ್ತವೆ.

ಹಂತ 2: ಹೊತ್ತು ಗೊತ್ತುಮಾಡುವುದು

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿ.

ಬೋಸ್ನಿಯಾದಲ್ಲಿ ಐದು ನಮಾಜುಗಳಿಗೆ ಕರೆಯುವ ಹೆಸರುಗಳು: ನಸುಕಿನದು ಸಬಾಹ್, ನಡುಹಗಲಿನದು ಪೋದ್ನೆ, ಇಳಿಹೊತ್ತಿನದು ಇಕಿಂದಿಯಾ, ಸೂರ್ಯಾಸ್ತದ್ದು ಅಕ್ಷಾಮ್, ರಾತ್ರಿಯದು ಯಾತ್ಸಿಯಾ. ಬಾಗಿಲ ಬಳಿಯ ಫಲಕಗಳಲ್ಲಿ, ಸ್ಥಳೀಯ ಪಟ್ಟಿಗಳಲ್ಲಿ ಇರುವುದು ಇವೇ. ಫಜ್ರ್, ಜುಹ್ರ್, ಅಸರ್ ಎಂದು ಹುಡುಕಿದರೆ ಸಿಗುವುದಿಲ್ಲ. ಪ್ರವಾಸಿಗೆ ಲೆಕ್ಕಕ್ಕೆ ಬರುವವು ನಡುವಿನ ಮೂರು: ಪೋದ್ನೆ, ಇಕಿಂದಿಯಾ, ಅಕ್ಷಾಮ್.

ಬೆಂಗಳೂರಿನಲ್ಲಿ ವರ್ಷಪೂರ್ತಿ ಸೂರ್ಯ ಮುಳುಗುವುದು ಸಂಜೆ 5.50ರಿಂದ 6.50ರ ಒಳಗೆ. ಹಾಗಾಗಿ ಮಸೀದಿಯ ವೇಳೆಯೆಂದರೆ ಹೆಚ್ಚು ಬದಲಾಗದ ಸಂಗತಿ ಎಂಬ ಭಾವನೆ ನಮ್ಮ ತಲೆಯಲ್ಲಿ ಕುಳಿತಿದೆ. ಸರಯೇವೊ ಇರುವುದು ಸುಮಾರು 44 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕು ದಾಟಿ ಹತ್ತು ನಿಮಿಷಕ್ಕೆ. ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಯುರೋಪಿನ ಪದ್ಧತಿಯೂ ಇದರಲ್ಲಿ ಸೇರಿದೆ.

ಇದರ ಪರಿಣಾಮ ಹೀಗೆ. ಜೂನ್‌ನಲ್ಲಿ ಪೋದ್ನೆ ಮಧ್ಯಾಹ್ನ ಒಂದರ ಹತ್ತಿರ, ಇಕಿಂದಿಯಾ ಸಂಜೆ ಐದರ ಹತ್ತಿರ. ನಡುವೆ ನಾಲ್ಕು ಗಂಟೆ. ಡಿಸೆಂಬರಿನಲ್ಲಿ ಪೋದ್ನೆ ಹನ್ನೊಂದೂ ಮುಕ್ಕಾಲಿಗೆ, ಇಕಿಂದಿಯಾ ಎರಡು ಗಂಟೆ ಹೊತ್ತಿಗೆ, ಅಕ್ಷಾಮ್ ನಾಲ್ಕರ ಮೇಲೆ. ಚಳಿಗಾಲದ ಮಧ್ಯಾಹ್ನ ಎರಡು ನಮಾಜುಗಳ ನಡುವೆ ಸಿಗುವುದೇ ಎರಡು ಗಂಟೆ. ಅದರಲ್ಲಿ ನಮಾಜಿಗೆ ಬಂದವರು ಹೊರಡುವ ಸಮಯ, ಮುಂದಿನದಕ್ಕೆ ಅಣಿಯಾಗುವ ಸಮಯ ಕಳೆದರೆ ಪ್ರವಾಸಿಗೆ ಉಳಿಯುವುದು ಬಹಳ ಕಡಿಮೆ. ಬೇಸಗೆಯಲ್ಲಿ ಹೋದವರ ಅನುಭವ ಕೇಳಿಕೊಂಡು ಚಳಿಗಾಲದಲ್ಲಿ ಹೋಗುವವರು ಬಾಗಿಲು ನೋಡಿ ವಾಪಸಾಗುವುದು ಇದಕ್ಕೇ.

ಹೀಗೆ ಮಾಡಿ. ಹಿಂದಿನ ರಾತ್ರಿ ‘ವಕ್ತಿಯಾ’ ಎಂಬ ಹೆಸರಿನಲ್ಲಿ ಸಿಗುವ ಬೋಸ್ನಿಯಾದ ವೇಳಾಪಟ್ಟಿಯಲ್ಲಿ ಮರುದಿನದ ಪೋದ್ನೆ, ಇಕಿಂದಿಯಾ ನೋಡಿ ಬರೆದಿಟ್ಟುಕೊಳ್ಳಿ. ಎರಡಕ್ಕೂ ಮುಂಚಿನ ಅರ್ಧ ಗಂಟೆ, ನಂತರದ ಮುಕ್ಕಾಲು ಗಂಟೆಗೆ ಗೀಟು ಹಾಕಿ. ಉಳಿದದ್ದರಲ್ಲಿ ಬೆಳಗಿನ ಅವಧಿಯೇ ಎಲ್ಲ ಋತುವಿನಲ್ಲೂ ಉದ್ದವಾದದ್ದು, ನೆಚ್ಚಬಹುದಾದದ್ದು. ಒಂಬತ್ತೂವರೆಗೆ ಗೇಟಿನ ಬಳಿ ಇರುವಂತೆ ಹೊರಡಿ. ಪ್ರವಾಸಿಗರಿಗೆ ಬಿಡುವ ಸಮಯವನ್ನು ಬರೆದ ಫಲಕ ಗೇಟಿನಲ್ಲಿ ಇರುತ್ತದೆ. ಋತುವಿಗೆ ತಕ್ಕಂತೆ ಅದು ಬದಲಾಗುವುದರಿಂದ ಯಾರೋ ಎರಡು ವರ್ಷದ ಹಿಂದೆ ತೆಗೆದ ಫೋಟೊ ನಂಬಬೇಡಿ. ಹಿಂದಿನ ಸಂಜೆ ಅತ್ತ ಸುಳಿದಾಡಲು ಹೋದಾಗ ನೀವೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಇಲ್ಲೊಂದು ಸೂಕ್ಷ್ಮ ತಪ್ಪು ಇದೆ. ಅದಕ್ಕೆ ಹೆಚ್ಚಾಗಿ ಸಿಕ್ಕಿಕೊಳ್ಳುವವರು ನಮಾಜು ಆ್ಯಪ್ ಬಳಸುವ ಮುಸ್ಲಿಂ ಓದುಗರೇ. ನಮ್ಮಲ್ಲಿ ಹನಫಿ ಪಂಥದ ಮುಸ್ಲಿಮರು ಆ್ಯಪ್‌ನಲ್ಲಿ ಅಸರ್ (ಅಲ್ಲಿನ ಇಕಿಂದಿಯಾ) ವೇಳೆಯನ್ನು ‘ಹನಫಿ’ ಲೆಕ್ಕಕ್ಕೆ ಇಟ್ಟಿರುತ್ತಾರೆ. ನೆರಳು ವಸ್ತುವಿನ ಎರಡರಷ್ಟು ಉದ್ದವಾದಾಗ ಬರುವ ವೇಳೆ ಅದು. ಬೋಸ್ನಿಯಾದವರೂ ಹನಫಿಗಳೇ ಆದರೂ ಅಲ್ಲಿನ ಪಟ್ಟಿ ಒಂದು ಪಟ್ಟು ನೆರಳಿನ ಲೆಕ್ಕದ್ದು. ಡಿಸೆಂಬರಿನಲ್ಲಿ ಇದರಿಂದ ಅರ್ಧ ಗಂಟೆಗೂ ಮಿಕ್ಕಿ, ಜೂನ್‌ನಲ್ಲಿ ಒಂದು ಗಂಟೆಗೂ ಮಿಕ್ಕಿ ವ್ಯತ್ಯಾಸ ಬರುತ್ತದೆ. ‘ಇನ್ನೂ ಹೊತ್ತಿದೆ’ ಎಂದುಕೊಂಡು ಬಂದರೆ ಜಮಾಅತ್, ಅಂದರೆ ಸಾಮೂಹಿಕ ನಮಾಜು, ಮುಗಿದಿರುತ್ತದೆ. ಆ್ಯಪ್ ಇಟ್ಟುಕೊಳ್ಳಿ, ಸ್ಥಳೀಯ ಪಟ್ಟಿಯನ್ನೇ ನಂಬಿ. ಕರಾವಳಿಯ ಶಾಫಿ ಪಂಥದವರದೂ ಒಂದು ಪಟ್ಟು ನೆರಳಿನ ಲೆಕ್ಕವೇ ಆದ್ದರಿಂದ ಅವರಿಗೆ ಈ ತೊಡಕಿಲ್ಲ.

ಹಂತ 3: ಬಟ್ಟೆ

ಗಂಡಸರಿಗೆ ಮೊಣಕಾಲು ಮುಚ್ಚುವ ಪ್ಯಾಂಟು, ತೋಳಿರುವ ಅಂಗಿ. ಹೆಂಗಸರಿಗೆ ತಲೆ, ತೋಳು, ಕಾಲು ಮುಚ್ಚುವ ಉಡುಪು. ಸಲ್ವಾರ್ ಕಮೀಜ್, ದುಪ್ಪಟ್ಟಾ ಇದ್ದರೆ ಬೇರೇನೂ ಬೇಡ. ಸೀರೆ ಉಟ್ಟವರು ಸೊಂಟ, ಬೆನ್ನು ಕಾಣದಂತೆ ಸೆರಗನ್ನು ಸುತ್ತಿಕೊಂಡು, ತಲೆಗೆ ಬೇರೆ ಶಾಲು ಹೊದೆಯುವುದು ಮೇಲು. ಸೆರಗನ್ನೇ ತಲೆಗೂ ಎಳೆದುಕೊಂಡರೆ ಗುಮ್ಮಟದತ್ತ ಕತ್ತೆತ್ತಿದ ಕೂಡಲೇ ಅದು ಜಾರುತ್ತದೆ.

ಬಾಗಿಲಲ್ಲಿ ಎರವಲು ಶಾಲು ಸಿಗುತ್ತದೆ. ಬೇಸಗೆಯ ಜನಜಂಗುಳಿಯಲ್ಲಿ ಅದಕ್ಕಾಗಿ ಕಾಯಬೇಕಾಗಬಹುದು. ಸ್ವಂತದ್ದಿದ್ದರೆ ಆ ಗೋಜಿಲ್ಲ.

ಕಾಲುಚೀಲದ ಮಾತು ಚಿಕ್ಕದೆನಿಸಬಹುದು. ನಾವು ದೇವಸ್ಥಾನಕ್ಕೆ ಬರಿಗಾಲಲ್ಲಿ ಹೋಗುವವರು. ಅಲ್ಲಿ ಗೋಡೆಯಿಂದ ಗೋಡೆಗೆ ಹಾಸಿದ ರತ್ನಗಂಬಳಿಯ ಮೇಲೆ ಜನ ಹಣೆ ಊರುತ್ತಾರೆ. ಇಡೀ ಬೆಳಗ್ಗೆ ಪೇಟೆ ಸುತ್ತಿ ಬೆವೆತ ಬರಿಗಾಲನ್ನು ಅದರ ಮೇಲೆ ಇಡುವುದು ಸರಿ ಕಾಣುವುದಿಲ್ಲ. ಸ್ಯಾಂಡಲ್ ಹಾಕಿಕೊಂಡು ಹೊರಟವರೂ ಚೀಲದಲ್ಲಿ ಒಂದು ಜೊತೆ ಇಟ್ಟುಕೊಳ್ಳಿ. ಶೂಗೆ ಹಿಡಿತವೂ ಬೇಕು, ಏಕೆಂದರೆ ಹಳೇ ಪೇಟೆಯ ನುಣುಪಾದ ಕಲ್ಲುಹಾಸು ಮಳೆ, ಹಿಮ ಬಿದ್ದಾಗ ಜಾರುತ್ತದೆ.

ಹಂತ 4: ದಾರಿ, ಮತ್ತು ಬೇರೆ ಮಸೀದಿಗೆ ನುಗ್ಗದಿರುವುದು

ಟ್ರಾಮ್‌ನಲ್ಲಿ ಬಾಶ್‌ಚಾರ್ಶಿಯಾ ನಿಲ್ದಾಣದಲ್ಲಿ, ಅಂದರೆ ಹಳೇ ಪೇಟೆಯಲ್ಲಿ, ಇಳಿಯಿರಿ. ಎದುರಿಗೇ ಪಾರಿವಾಳಗಳ ಚೌಕ, ಅದರಲ್ಲಿ ಮರದ ಜಾಲಂಧ್ರದ ಸೆಬಿಲ್ ಕಾರಂಜಿ. ಚೌಕದ ಪಕ್ಕದಲ್ಲಿ ಒಂದು ಗುಮ್ಮಟ, ಒಂದು ಮಿನಾರು ಇರುವ ಮಸೀದಿ ಕಾಣುತ್ತದೆ. ಬಹಳ ಮಂದಿ ‘ಬಂತು’ ಎಂದು ಅದರೊಳಗೇ ಹೋಗುತ್ತಾರೆ. ಅದು ಬಾಶ್‌ಚಾರ್ಶಿಯಾ ಮಸೀದಿ. ನೋಡಲು ಯೋಗ್ಯವೇ, ಆದರೆ ನೀವು ಹುಡುಕುತ್ತಿರುವುದು ಅದಲ್ಲ.

ಚೌಕದಿಂದ ಪಶ್ಚಿಮಕ್ಕೆ ಹೊರಡುವ ‘ಸರಾಚಿ’ ಎಂಬ ಓಣಿ ಹಿಡಿಯಿರಿ. ನಡೆದೇ ಹೋಗುವ ಬೀದಿ, ವಾಹನಗಳಿಲ್ಲ. ಎರಡೂ ಬದಿ ತಗ್ಗು ಛಾವಣಿಯ ಅಂಗಡಿಗಳು. ಹಳೆಯ ಛತ್ರವಾದ ಮೊರಿಚಾ ಹಾನ್ ದಾಟಿದ ಮೇಲೆ ಎಡಗಡೆ ಉದ್ದನೆಯ ಕಲ್ಲುಗೋಡೆ, ಅದರಾಚೆ ಮರಗಳು, 45 ಮೀಟರ್ ಎತ್ತರದ ಮಿನಾರು. ಅದೇ. ಸೆಬಿಲ್‌ನಿಂದ ಐದು ನಿಮಿಷದ ನಡಿಗೆ.

ನೆಲದ ಮೇಲೆ ಪೂರ್ವ, ಪಶ್ಚಿಮ ಎಂದು ಗುರುತಿಸಿದ ಗೆರೆ ಕಂಡಿತೆ? ಮಸೀದಿಯನ್ನು ದಾಟಿ ಮುಂದೆ ಬಂದಿದ್ದೀರಿ. ಆ ಗೆರೆಯ ಆಚೆಗೆ ಒಮ್ಮೆಲೇ ನಾಲ್ಕೈದು ಅಂತಸ್ತಿನ ಆಸ್ಟ್ರಿಯಾ ಕಾಲದ ಕಟ್ಟಡಗಳು ಶುರುವಾಗುತ್ತವೆ. ಹಿಂದಕ್ಕೆ ತಿರುಗಿ.

ಮಸೀದಿಯ ಪಕ್ಕದಲ್ಲೇ ಹಳೆಯ ಕಾಲದಿಂದ ನಡೆದುಬಂದ ಸಾರ್ವಜನಿಕ ಶೌಚಾಲಯವಿದೆ. ಮಸೀದಿಯ ಜೊತೆಗೇ, 1530ರ ಹೊತ್ತಿಗೆ ಕಟ್ಟಿಸಿದ್ದು ಎನ್ನುತ್ತಾರೆ. ಚಿಲ್ಲರೆ ನಾಣ್ಯ ಮೊದಲು ನೆರವಿಗೆ ಬರುವುದು ಇಲ್ಲಿ. ಮಕ್ಕಳಿದ್ದರೆ ಒಳಗೆ ಹೋಗುವ ಮುಂಚೆಯೇ ಮುಗಿಸಿಕೊಳ್ಳಿ.

ಹಂತ 5: ಅಂಗಳ

ಅಂಗಳಕ್ಕೆ ಟಿಕೆಟ್ ಇಲ್ಲ, ಶೂ ಕಳಚಬೇಕಾಗಿಲ್ಲ. ನಡುವೆ ಶಾದರ್ವಾನ್, ಅಂದರೆ ಮೇಲೊಂದು ಛಾವಣಿಯಿರುವ ಕಾರಂಜಿ. ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವ ಜಾಗ ಅದು. ಯಾರೋ ತೋಳು ಮಡಚಿ ವುಜೂ ಮಾಡುತ್ತಿರುವಾಗ ಪಕ್ಕದಲ್ಲಿ ನಿಂತು ನೀರು ಎರಚಿಕೊಂಡು ಸೆಲ್ಫಿ ತೆಗೆಯುವುದನ್ನು ಕಂಡು ಕಾವಲಿನವರು ಮುಖ ಸಿಂಡರಿಸುತ್ತಾರೆ. ಬಾಟಲಿ ತುಂಬಿಸಲು ಸರಾಚಿ ಬೀದಿಯ ಕಡೆಯ ಗೋಡೆಯಲ್ಲಿ ಬೇರೆ ನಲ್ಲಿಗಳಿವೆ. ಊರಿನವರೂ ಅಲ್ಲೇ ಬಗ್ಗಿ ಬೊಗಸೆಯಲ್ಲಿ ಕುಡಿಯುತ್ತಾರೆ. ನೀರು ಜುಲೈನಲ್ಲೂ ತಣ್ಣಗಿರುತ್ತದೆ.

ಅಂಗಳದಲ್ಲಿ ಎರಡು ತುರ್ಬೆಗಳಿವೆ, ಅಂದರೆ ಗುಮ್ಮಟವಿರುವ ಸಮಾಧಿಗಳು. ದೊಡ್ಡದು 1541ರಲ್ಲಿ ತೀರಿಕೊಂಡ ಹುಸ್ರೆವ್ ಬೇಗನದು, ಚಿಕ್ಕದು ಅವನ ಬಂಟ ಮುರಾತ್ ಬೇಗನದು. ಕಿಟಕಿಯಿಂದ ನೋಡಬಹುದು. ಜನ ಎದುರು ನಿಂತು ಎರಡೂ ಅಂಗೈ ತೆರೆದು ಪ್ರಾರ್ಥಿಸುತ್ತಿದ್ದರೆ ಬದಿಗೆ ಸರಿದು ನಿಲ್ಲಿ. ನಮ್ಮಲ್ಲಿ ದರ್ಗಾಕ್ಕೆ ಹೋಗಿ ಅಭ್ಯಾಸವಿರುವವರ ಕೈ ಹೂವು, ಸಕ್ಕರೆ, ಊದಿನಕಡ್ಡಿಗೆ ಹುಡುಕಾಡುತ್ತದೆ. ಇಲ್ಲಿ ಆ ಪದ್ಧತಿಯಿಲ್ಲ, ತರಬೇಡಿ. ಪಕ್ಕದ ಗೋರಿಗಳ ಪೇಟದಾಕಾರದ ತುದಿಯ ಕಲ್ಲುಗಳಿಗೆ ಚೀಲ ಒರಗಿಸಬೇಡಿ.

ಅಂಗಳದಲ್ಲಿ ಕಾಣಬಹುದಾದ ಒಂದು ಎಚ್ಚರಿಕೆಯ ಗುರುತು: ಹಸಿರು ಬಟ್ಟೆ ಹೊದಿಸಿದ ಶವಪೆಟ್ಟಿಗೆ, ಸುತ್ತ ಮೌನವಾಗಿ ನಿಂತ ಜನ. ಜನಾಜಾ ನಮಾಜು ಅಂಗಳದಲ್ಲೇ ನಡೆಯುತ್ತದೆ. ಮೊಬೈಲು ಜೇಬಿಗೆ ಹಾಕಿ, ಗೇಟಿನಾಚೆ ಬಂದು, ಅವರೆಲ್ಲ ಹೊರಡುವವರೆಗೆ ಕಾಯಿರಿ.

ಹಂತ 6: ಟಿಕೆಟ್

ಪ್ರವಾಸಿಗರಿಗೆ ಒಳಗೆ ಹೋಗಲು ಟಿಕೆಟ್ ಇದೆ, ಕೆಲವೇ ಮಾರ್ಕ್‌ಗಳು. ನಮಾಜಿಗೆ ಬಂದವರಿಗೆ ಟಿಕೆಟ್ ಇಲ್ಲ. ನೀವು ಮುಸ್ಲಿಮರಾಗಿದ್ದು ನಮಾಜು ಮಾಡುವ ಇರಾದೆಯಿದ್ದರೆ ಬಾಗಿಲಲ್ಲಿ ಹಾಗೆಂದು ಹೇಳಿ. ಹೆಂಗಸರ ಜಾಗ ಯಾವುದೆಂದು ಅವರೇ ತೋರಿಸುತ್ತಾರೆ. ಟಿಕೆಟ್ ಉಳಿಸಲು ನಮಾಜಿನ ನೆಪ ಹೇಳುವ ಜಾಣತನ ಬೇಡ, ದಯವಿಟ್ಟು.

“ದೋಬರ್ ದಾನ್” ಎಂದರೆ ನಮಸ್ಕಾರ, “ಹ್ವಾಲಾ” ಎಂದರೆ ಧನ್ಯವಾದ. ಕ್ಯಾಮೆರಾ ತೋರಿಸಿ “ಮೋಝೆ?” ಎಂದರೆ ‘ತೆಗೆಯಬಹುದೆ?’ ಎಂದು ಕೇಳಿದಂತೆ. ಈ ಮೂರು ಮಾತು ಬಾಗಿಲಲ್ಲಿ ಕುಳಿತವರ ಗಂಟುಮುಖವನ್ನು ಸಾಕಷ್ಟು ಸಡಿಲಿಸುತ್ತವೆ.

ಹಂತ 7: ಶೂ ಕಳಚುವ ಗೆರೆ

ಮಸೀದಿಯ ಮುಂದೆ ಐದು ಚಿಕ್ಕ ಗುಮ್ಮಟಗಳ ಮೊಗಸಾಲೆಯಿದೆ. ಅದರ ನಡುವೆ ಬಾಗಿಲಿಗೆ ಹೋಗುವ ದಾರಿ. ಎಡಬಲಕ್ಕೆ ಎತ್ತರಿಸಿದ ಜಗಲಿಗಳು. ಕುಳಿತುಕೊಳ್ಳಲು ಹೇಳಿಮಾಡಿಸಿದಂತೆ ಕಾಣುವ ಆ ಜಗಲಿಗಳೂ ನಮಾಜಿನ ಜಾಗವೇ. ಒಳಗೆ ಹಿಡಿಸದವರು, ತಡವಾಗಿ ಬಂದವರು ಅಲ್ಲಿ ನಿಲ್ಲುತ್ತಾರೆ. ಶೂ ಹಾಕಿಕೊಂಡು ಅದರ ಮೇಲೆ ಹತ್ತಬೇಡಿ, ಲೇಸ್ ಬಿಚ್ಚಲು ಅದರ ಮೇಲೆ ಕಾಲಿಡಬೇಡಿ.

ಕಳಚುವ ಬಗೆಗೂ ಒಂದು ಕ್ರಮವಿದೆ. ಹೊರಗಿನವರು ಸಾಮಾನ್ಯವಾಗಿ ಎರಡೂ ಶೂ ಕಳಚಿ, ಕಾಲುಚೀಲದಲ್ಲಿ ಕಲ್ಲುನೆಲದ ಮೇಲೆ ನಿಂತು, ಶೂ ಎತ್ತಿಕೊಂಡು, ಆಮೇಲೆ ಗಂಬಳಿಯ ಮೇಲೆ ಕಾಲಿಡುತ್ತಾರೆ. ಬೀದಿಯ ಕೊಳೆಯೆಲ್ಲ ಹಾಗೆ ಒಳಗೆ ಹೋಗುತ್ತದೆ. ಊರಿನವರನ್ನು ಗಮನಿಸಿ: ಹೊಸ್ತಿಲಿಗೆ ಒತ್ತಿ ನಿಂತು, ಒಂದು ಶೂ ಸಡಿಲಿಸಿ ಆ ಕಾಲನ್ನು ನೇರವಾಗಿ ಗಂಬಳಿಯ ಮೇಲೆ ಇಡುತ್ತಾರೆ, ಆಮೇಲೆ ಇನ್ನೊಂದು ಕಾಲು. ಕಾಲುಚೀಲ ಕಲ್ಲನ್ನು ಮುಟ್ಟುವುದೇ ಇಲ್ಲ. ಕೊನೆಗೆ ಬಗ್ಗಿ ಶೂಗಳನ್ನು ಎತ್ತಿ, ಅಡಿಭಾಗಗಳನ್ನು ಒಂದಕ್ಕೊಂದು ಸೇರಿಸಿ ಹಿಡಿದು ಗೂಡಿನಲ್ಲಿ ಇಡುತ್ತಾರೆ. ಹೊರಬರುವಾಗ ಇದೇ ಕ್ರಮ, ಹಿಂದುಮುಂದಾಗಿ. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಭುಜ ಕೊಡಿ. ಇಲ್ಲಿ ಹಿಂದಿನವರನ್ನು ನೋಡಿ ಅವಸರ ಮಾಡಿದವರೇ ಮುಗ್ಗರಿಸುವುದು.

ಮಳೆಗಾಲದ ಕೊಡೆಯನ್ನೂ ಹೊರಗೇ ಬಿಡಿ. ತೊಟ್ಟಿಕ್ಕುವ ಕೊಡೆ ಗಂಬಳಿಗೆ ಶೂಗಿಂತ ದೊಡ್ಡ ಶತ್ರು.

ಹಂತ 8: ಒಳಗೆ ನೋಡುವ ಕ್ರಮ

ಬಾಗಿಲು ದಾಟಿದ ಮೇಲೆ ಎರಡು ಹೆಜ್ಜೆ ಬದಿಗೆ ಸರಿದು ನಿಲ್ಲಿ. ಹಿಂದೆ ಬರುವವರಿಗೆ ದಾರಿ ಬೇಕು. ಹಗ್ಗ ಕಟ್ಟಿದ್ದರೆ ಅದರಾಚೆಗೆ ಹೋಗುವಂತಿಲ್ಲ. ಅಡ್ಡಬೀಳುವುದು, ಪ್ರದಕ್ಷಿಣೆ ಬರುವುದು ಯಾವುದೂ ಬೇಕಾಗಿಲ್ಲ. ಗೌರವ ತೋರಿಸಲು ಸುಮ್ಮನೆ ನಿಂತರೆ ಸಾಕು.

ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ, ಹೋಗಲಿ. ಮುಖ್ಯ ಗುಮ್ಮಟದ ಅಡ್ಡಳತೆ 13 ಮೀಟರ್, ನೆಲದಿಂದ ಎತ್ತರ 26 ಮೀಟರ್. ಗೋಲಗುಮ್ಮಟ ನೋಡಿ ಬೆಳೆದವರಿಗೆ ಇದು ಚಿಕ್ಕದೆನಿಸುವುದು ಸಹಜ. ಗಾತ್ರ ಬಿಟ್ಟು ಜೋಡಣೆ ನೋಡಿ. ನಿಮ್ಮೆದುರು ಮೆಕ್ಕಾದ ದಿಕ್ಕಿನ, ಅಂದರೆ ಆಗ್ನೇಯದ ಗೋಡೆ. ಅದರ ಮುಂದಿನ ಜಾಗಕ್ಕೆ ಮುಖ್ಯ ಗುಮ್ಮಟಕ್ಕಿಂತ ತಗ್ಗಾದ ಅರ್ಧಗುಮ್ಮಟ. ಎಡಬಲಕ್ಕೆ ಒಂದೊಂದು ಚಿಕ್ಕ ಗುಮ್ಮಟದ ಕೋಣೆ. ದೊಡ್ಡ ಗುಮ್ಮಟದ ಭಾರ ಹಂತಹಂತವಾಗಿ ಕೆಳಗೆ ಇಳಿದು ಗೋಡೆ ಸೇರುವುದನ್ನು ನಿಂತಲ್ಲಿಂದಲೇ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗಿ ಕಾಣಬಹುದು.

ಆಮೇಲೆ ಎದುರು ಗೋಡೆಯಲ್ಲಿ ಕೊರೆದ ಗೂಡು, ಮಿಹ್ರಾಬ್. ಅದರ ಬಲಕ್ಕೆ ಮೆಟ್ಟಿಲಿರುವ ಎತ್ತರದ ಪೀಠ, ಮಿಂಬರ್. ಶುಕ್ರವಾರದ ಪ್ರವಚನ ಅದರ ಮೇಲಿಂದ. ಮೆಟ್ಟಿಲು ಹತ್ತಿ ಫೋಟೊ ತೆಗೆಸಿಕೊಳ್ಳುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ, ಕೈ ಹಿಡಿದುಕೊಳ್ಳಿ. ಗೋಡೆಯ ಬಣ್ಣದ ಚಿತ್ತಾರವನ್ನು 16ನೇ ಶತಮಾನದ್ದೆಂದು ಬಗೆಯಬೇಡಿ. ಬೋಸ್ನಿಯಾ ಯುದ್ಧದ ಹೊತ್ತಿಗೆ ಸರಯೇವೊಗೆ ಬಿದ್ದಿದ್ದ, 1992ರಿಂದ 96ರವರೆಗಿನ ಮುತ್ತಿಗೆಯಲ್ಲಿ ಕಟ್ಟಡ ಶೆಲ್ ದಾಳಿಗೆ ಸಿಕ್ಕಿತ್ತು. ಈಗ ಕಾಣುವ ಬಣ್ಣ ಆ ನಂತರದ ದುರಸ್ತಿಯದು.

ಬಿಡುವಿನ ವೇಳೆಯಲ್ಲೂ ಒಬ್ಬಿಬ್ಬರು ಒಂಟಿಯಾಗಿ ನಮಾಜು ಮಾಡುತ್ತಿರುತ್ತಾರೆ. ಅವರ ಮುಂದೆ, ಅಂದರೆ ಅವರಿಗೂ ಮಿಹ್ರಾಬ್ ಗೋಡೆಗೂ ನಡುವೆ, ದಾಟಿ ಹೋಗಬೇಡಿ; ಬೆನ್ನ ಹಿಂದಿನಿಂದ ಸುತ್ತಿ ಹೋಗಿ. ಅವರ ಮುಖ ಕಾಣುವಂತೆ ಫೋಟೊ ಬೇಡ. ಫ್ಲ್ಯಾಶ್ ಆರಿಸಿ, ಮೊಬೈಲು ಸದ್ದಿಲ್ಲದ ಸ್ಥಿತಿಗೆ ಹಾಕಿ. ಊರಿನಿಂದ ಬಂದ ವಿಡಿಯೊ ಕರೆಗೆ ಅಲ್ಲಿಂದಲೇ ಗುಮ್ಮಟ ತೋರಿಸುವವರನ್ನು ಕಂಡರೆ ಏನು ಹೇಳಬೇಕೋ ತಿಳಿಯದು. ಎಂಟು ಶತಮಾನ ಹಳೆಯ ಕಲ್ಲಿನ ದೇವಾಲಯದಲ್ಲೂ ನಾವು ಮಾಡುವುದು ಇದನ್ನೇ.

ಕಾಲು ಸೋತರೆ ಹಿಂಬದಿಯ ಗೋಡೆಯ ಹತ್ತಿರ ಗಂಬಳಿಯ ಮೇಲೆ ಕುಳಿತುಕೊಳ್ಳಬಹುದು. ಪಾದ ಮಿಹ್ರಾಬ್ ಕಡೆಗೆ ಚಾಚದೆ ಚಕ್ಕಂಬಕ್ಕಳ ಹಾಕಿ. ಇಪ್ಪತ್ತರಿಂದ ಮೂವತ್ತು ನಿಮಿಷ ಧಾರಾಳ.

ಮಿನಾರು ಹತ್ತಲು ಬಿಡುವುದಿಲ್ಲ. ಅದೇ ಆಸೆಯಿದ್ದರೆ ಮೋಸ್ತಾರ್ ಊರಿನ ಕೋಸ್ಕಿ ಮೆಹ್ಮದ್ ಪಾಶಾ ಮಸೀದಿಗೆ ಹೋಗಿ. ಅಲ್ಲಿ ಟಿಕೆಟ್ ಪಡೆದು ಹತ್ತಬಹುದು, ಮೇಲಿಂದ ಹಳೆಯ ಸೇತುವೆ ಪೂರ್ತಿ ಕಾಣುತ್ತದೆ.

ಹಂತ 9: ಹೊರಡುವ ಸೂಚನೆಗಳು

ಶಾದರ್ವಾನ್ ಸುತ್ತ ಜನ ಸೇರತೊಡಗಿದರೆ, ಬಾಗಿಲಲ್ಲಿ ಕುಳಿತವರು ಎದ್ದು ಒಳಗೆ ಬಂದರೆ, ಮುಂದಿನ ಸಾಲಿನಲ್ಲಿ ಮೂರು ನಾಲ್ಕು ಮಂದಿ ಕುಳಿತರೆ ಹೊರಡುವ ಹೊತ್ತಾಯಿತು. ಅಜಾನ್ ಕೇಳಿದ ಮೇಲೆ ಏಳುವುದೆಂದರೆ ತಡವಾಯಿತೆಂದೇ ಲೆಕ್ಕ. ಶೂ ಗೂಡಿನ ಬಳಿ ಒಳಬರುವವರೂ ಹೊರಹೋಗುವವರೂ ಒಟ್ಟಿಗೆ ಸಿಕ್ಕಿಕೊಳ್ಳುತ್ತೀರಿ.

ಹೊರಬಂದು ಗಡಿಯಾರ ಗೋಪುರದತ್ತ ನೋಡಿದವರು ಗಾಬರಿಯಾಗುವುದುಂಟು: ಜೂನ್ ತಿಂಗಳಲ್ಲಿ ಬೆಳಗಿನ ಹತ್ತೂವರೆಗೆ ಅದು ಎರಡು ಗಂಟೆ ತೋರಿಸುತ್ತಿರುತ್ತದೆ. ಗಡಿಯಾರ ಕೆಟ್ಟಿಲ್ಲ. ‘ಸಾಹಾತ್ ಕುಲಾ’ ಎನ್ನುವ ಈ ಗೋಪುರ ಸೂರ್ಯಾಸ್ತಕ್ಕೆ ಹನ್ನೆರಡು ತೋರಿಸುವಂತೆ ನಡೆಯುತ್ತದೆ. ಸೂರ್ಯಾಸ್ತ ದಿನದಿನಕ್ಕೆ ಸರಿಯುವುದರಿಂದ ಒಬ್ಬರು ಆಗಾಗ ಗೋಪುರ ಹತ್ತಿ ಮುಳ್ಳು ತಿದ್ದುತ್ತಾರೆ. ಹಿಂದೆ ಇದರ ಲೆಕ್ಕ ಹಾಕುತ್ತಿದ್ದದ್ದು ಅಂಗಳದಲ್ಲೇ ಇರುವ, ನಮಾಜಿನ ವೇಳೆ ಲೆಕ್ಕಹಾಕಲೆಂದೇ 1859ರಲ್ಲಿ ಕಟ್ಟಿದ ಮುವೆಕಿತ್‌ಹಾನಾದಲ್ಲಿ.

ಕೈಗಡಿಯಾರವನ್ನು ಇದಕ್ಕೆ ಹೊಂದಿಸಬೇಡಿ. ಓದಲು ಕಲಿತರೆ ಮಾತ್ರ ಬಹಳ ಉಪಯೋಗ. ಜೂನ್‌ನಲ್ಲಿ ಸೂರ್ಯಾಸ್ತ ಎಂಟೂವರೆಗೆ. ಸಂಜೆ ಐದಕ್ಕೆ ಗೋಪುರ ತೋರಿಸುವುದು ಎಂಟೂವರೆ. ಹನ್ನೆರಡರಿಂದ ಎಂಟೂವರೆ ಕಳೆದರೆ ಮೂರೂವರೆ. ಅಕ್ಷಾಮ್‌ಗೆ ಅಷ್ಟು ಗಂಟೆ ಉಳಿದಿದೆ. ಮಧ್ಯಾಹ್ನದ ಮೇಲೆ ಈ ಕಳೆಯುವ ಲೆಕ್ಕ ವರ್ಷದ ಯಾವ ದಿನವಾದರೂ ನಡೆಯುತ್ತದೆ.

ಹಂತ 10: ಬಾಗಿಲು ಮುಚ್ಚಿದ್ದರೆ

ಕಾವಲಿನವರೊಡನೆ ವಾದಕ್ಕೆ ಇಳಿಯಬೇಡಿ, “ಇಂಡಿಯಾದಿಂದ ಬಂದಿದ್ದೇವೆ” ಎಂಬ ಅಸ್ತ್ರವನ್ನೂ ತೆಗೆಯಬೇಡಿ. ಮುಂದೆ ಯಾವಾಗ ತೆರೆಯುತ್ತದೆ ಎಂದಷ್ಟೇ ಕೇಳಿ. ಮುಕ್ಕಾಲು ಗಂಟೆಯೊಳಗಾದರೆ ಮೊರಿಚಾ ಹಾನ್‌ನ ಅಂಗಳದಲ್ಲಿ ಕುಳಿತು ಕಾಫಿ ಕುಡಿಯಿರಿ. ಉದ್ದ ಹಿಡಿಯ ತಾಮ್ರದ ಪಾತ್ರೆಯಲ್ಲಿ ಬರುತ್ತದೆ, ಚರಟ ಕೆಳಗೆ ಇಳಿಯಲು ಒಂದೆರಡು ನಿಮಿಷ ಬಿಟ್ಟು ಬಗ್ಗಿಸಿಕೊಳ್ಳಿ. ಫಿಲ್ಟರ್ ಕಾಫಿಯವರಿಗೆ ಹಾಲು ನೆನಪಾಗುತ್ತದೆ. ಕೇಳಿ ಪ್ರಯೋಜನವಿಲ್ಲ.

ಹಸಿವಾದರೆ ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ. ಸುರುಳಿ ಸುತ್ತಿದ ಎಲ್ಲ ಪದರದ ತಿನಿಸೂ ಬೇರೆ ಊರುಗಳಲ್ಲಿ ‘ಬುರೆಕ್’. ಸರಯೇವೊದಲ್ಲಿ ಬುರೆಕ್ ಎಂದರೆ ಮಾಂಸದ್ದು ಮಾತ್ರ. ಚೀಸ್‌ನದಕ್ಕೆ ಸಿರ್ನಿತ್ಸಾ, ಪಾಲಕ್‌ನದಕ್ಕೆ ಝೆಲ್ಯಾನಿತ್ಸಾ, ಆಲೂಗಡ್ಡೆಯದಕ್ಕೆ ಕ್ರೊಂಪಿರುಶಾ ಎಂದು ಕೇಳಿ. ಹಾಕಿದ ಕೊಬ್ಬು ಯಾವುದು, ಮೊಟ್ಟೆಯಿದೆಯೆ ಎಂದೂ ವಿಚಾರಿಸಿ.

ಎರಡು ಗಂಟೆಗೂ ಹೆಚ್ಚು ಕಾಯಬೇಕಾದರೆ ಸುಮ್ಮನೆ ಗೇಟಿನಲ್ಲಿ ನಿಲ್ಲಬೇಡಿ. ಎದುರಿಗೇ ಸೀಸದ ಛಾವಣಿಯ ಕುರ್ಶುಮ್ಲಿಯಾ ಮದ್ರಸಾ ಇದೆ, 1537ರದು. ಮಳೆ ಬರುತ್ತಿದ್ದರೆ ಪಕ್ಕದ ಬೆಜಿಸ್ತಾನ್ ಎಂಬ ಕಲ್ಲಿನ ಮುಚ್ಚಂಗಡಿ ಸಾಲಿನಲ್ಲಿ ಸುತ್ತಾಡಿ. ಸೆಬಿಲ್ ಚೌಕದ ಬಳಿಯ ಬ್ರೂಸಾ ಬೆಜಿಸ್ತಾನ್‌ನಲ್ಲಿ ಈಗ ನಗರದ ವಸ್ತುಸಂಗ್ರಹಾಲಯವಿದೆ, ಹಳೇ ಪೇಟೆಯ ಚಿಕ್ಕ ಪ್ರತಿಕೃತಿ ಅಲ್ಲಿದೆ. ಮಸೀದಿಯ ಸುತ್ತಲಿನ ಕಟ್ಟಡಗಳ ನಕ್ಷೆ ತಲೆಯಲ್ಲಿ ಕೂರಬೇಕೆಂದರೆ ಅದನ್ನು ನೋಡಿ ಬಂದು ಒಳಗೆ ಹೋಗುವುದೇ ಲೇಸು.

ಆ ದಿನವೇ ಊರು ಬಿಡುವವರಿಗೆ ಉಳಿದಿರುವ ದಾರಿ ಮಿಲ್ಯಾಟ್ಸ್ಕಾ ಹೊಳೆಯ ಆಚೆ ದಡದ ‘ತ್ಸಾರೆವಾ’ ಮಸೀದಿ, ನೆಲದ ಮೇಲಿನ ಆ ಪೂರ್ವ, ಪಶ್ಚಿಮದ ಗೆರೆ ದಾಟಿದರೆ ಸಿಗುವ ಫರ್ಹಾದಿಯಾ ಮಸೀದಿ. ಎರಡೂ ಒಟ್ಟೊಮನ್ ಕಾಲದವೇ, ಎರಡಕ್ಕೂ ನಡೆದೇ ಹೋಗಬಹುದು. ನಮಾಜಿನ ವೇಳೆ ಮಾತ್ರ ಅಲ್ಲೂ ಅದೇ. ಬಸ್ ಮಧ್ಯಾಹ್ನದ್ದಾದರೆ ಸಾಮಾನನ್ನು ಹೋಟೆಲಿನಲ್ಲೇ ಇಟ್ಟು, ಪೋದ್ನೆಗೆ ಒಂದು ಗಂಟೆ ಮುಂಚೆ ತ್ಸಾರೆವಾ ಮಸೀದಿಯ ಗೇಟಿನಲ್ಲಿರಿ.